ರೋಮ್‌ನ ಬೆಳ್ಳಿ ಡೆನಾರಿಯಸ್: ಯುದ್ಧ ಗೆದ್ದ ನೆನಪಿನ ನಾಣ್ಯಗಳನ್ನು ಎಲ್ಲಿಂದ ಶುರು ಮಾಡಲಿ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೈಸೂರು ಒಡೆಯರ ಕಾಸು, ವಿಜಯನಗರದ ತಾಮ್ರ, ಟಿಪ್ಪುವಿನ ಆನೆ ಪೈಸೆ ಅಂತ ನಮ್ಮ ಕಡೆಯದರಲ್ಲೇ ಇದ್ದೆ. ಈಗ ರೋಮ್‌ನ ಬೆಳ್ಳಿ ನಾಣ್ಯ ಡೆನಾರಿಯಸ್ ಕಡೆ ಮನಸ್ಸು ಹೋಗಿದೆ. ಎಲ್ಲಾ ಚಕ್ರವರ್ತಿಗಳ ಮುಖ ಕೂಡಿಸುವ ಆಸೆ ಇಲ್ಲ. ಒಂದೇ ವಿಷಯ ಹಿಡಿಯಬೇಕು ಅಂತ ಇದ್ದೇನೆ: ಯಾವುದಾದರೂ ನಾಡನ್ನು ಗೆದ್ದಾಗ ಅದರ ನೆನಪಿಗೆ ಹೊರಡಿಸಿದ ಬೆಳ್ಳಿ ನಾಣ್ಯಗಳು. ಐದಾರು ಸಿಕ್ಕರೆ ಸಾಕು, ಒಂದು ಟ್ರೇ ತುಂಬಿದರೆ ಆಯಿತು.

ಎಲ್ಲರೂ ಜುಡೇಯಾ ಕಾಪ್ಟಾ, ಅಂದರೆ ಯಹೂದಿಗಳ ನಾಡು ಗೆದ್ದ ನಾಣ್ಯ, ತಗೋ ಅಂತಾರೆ. ಅದರ ಬೆಲೆ ನೋಡಿದರೆ ತಲೆ ಸುತ್ತುತ್ತೆ. ಈಜಿಪ್ಟ್ ಗೆದ್ದ ಆಗಸ್ಟಸ್‌ನ ಮೊಸಳೆ ನಾಣ್ಯದ ಮಾತಂತೂ ಬಿಡಿ. ಕೈಗೆಟುಕುವ ದಾರಿ ಯಾವುದು? ಅನುಭವ ಇರುವವರು ಹೇಳಿ.

ಹಳೇ ಚಲಾವಣೆ

ಒಳ್ಳೇ ವಿಷಯ ಹಿಡಿದಿದ್ದೀರಿ. ಮೊದಲೇ ಒಂದು ಮಾತು. "ಗೆದ್ದ ನಾಣ್ಯ" ಅಂತ ಹುಡುಕುತ್ತಾ ಹೋದರೆ ಸ್ವಲ್ಪ ದಿನದಲ್ಲೇ ಗೊತ್ತಾಗುತ್ತೆ, ಇವುಗಳಲ್ಲಿ ಎಷ್ಟೋ ನಾಣ್ಯಗಳ ಹಿಂದೆ ಗೆಲುವೇ ಇಲ್ಲ. ನನಗಂತೂ ಅಂಥವೇ ಜಾಸ್ತಿ ಇಷ್ಟ. ಬೆಲೆಯಲ್ಲೂ ಎಷ್ಟೋ ಸಲ ಅವೇ ಅಗ್ಗ.

ಒಂದು ಉದಾಹರಣೆ ಕೊಡ್ತೀನಿ. ಕ್ರಿ.ಪೂ. 58ರಲ್ಲಿ ಮಾರ್ಕಸ್ ಎಮಿಲಿಯಸ್ ಸ್ಕಾರಸ್ ಮತ್ತು ಹಿಪ್ಸೇಯಸ್ ಅನ್ನೋ ಇಬ್ಬರು ಸೇರಿ ಹೊರಡಿಸಿದ ಡೆನಾರಿಯಸ್. ಇಬ್ಬರೂ ಆಗ ರೋಮ್‌ನ ಈಡೈಲ್‌ಗಳು, ಅಂದರೆ ನಗರದ ಆಟ, ಸಂತೆ, ಕಟ್ಟಡ ನೋಡಿಕೊಳ್ಳುವ ಅಧಿಕಾರಿಗಳು. ಒಂದು ಬದಿಯಲ್ಲಿ ಒಂಟೆ. ಪಕ್ಕದಲ್ಲಿ ಒಬ್ಬ ಮಂಡಿಯೂರಿ ಕೂತು ಆಲಿವ್ ಕೊಂಬೆ ಚಾಚಿದ್ದಾನೆ. ಕೆಳಗೆ "ರೆಕ್ಸ್ ಅರೆಟಾಸ್" ಅಂತ ಬರಹ. ಅಂದರೆ ಈಗಿನ ಜೋರ್ಡಾನ್‌ನಲ್ಲಿರುವ ಪೆಟ್ರಾದ ನಬಾಟಿಯನ್ ರಾಜ ಅರೆಟಾಸ್ ಶರಣಾದ ಅಂತ ಅರ್ಥ.

ನಡೆದದ್ದೇ ಬೇರೆ. ಕ್ರಿ.ಪೂ. 62ರಲ್ಲಿ ಸ್ಕಾರಸ್ ಸಿರಿಯಾದಿಂದ ಪೆಟ್ರಾ ಕಡೆ ದಂಡು ತಗೊಂಡು ಹೋದ. ಆ ಕಲ್ಲುಗುಡ್ಡದ ನಾಡಿನಲ್ಲಿ ಸೈನ್ಯಕ್ಕೆ ಊಟಕ್ಕೂ ತತ್ವಾರ. ಕೊನೆಗೆ ಅರೆಟಾಸ್ 300 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ ಕೊಟ್ಟ, ಇವನು ವಾಪಸ್ ಬಂದ. ಅಷ್ಟೇ ಕಥೆ. ದುಡ್ಡು ತಗೊಂಡು ಜಾಗ ಖಾಲಿ ಮಾಡಿದವನು ನಾಲ್ಕು ವರ್ಷದಲ್ಲಿ ರಾಜನನ್ನೇ ಮಂಡಿಯೂರಿಸಿ ನಾಣ್ಯ ಹೊಡೆಸಿದ. ಅದಕ್ಕೂ ಮೊದಲು ರೋಮ್‌ನಲ್ಲಿ ನಾಣ್ಯ ಹೊರಡಿಸುವವರು ತಾತ, ಮುತ್ತಾತ ಮಾಡಿದ್ದನ್ನು ಹಾಕಿಸುತ್ತಿದ್ದರು. ಸ್ವಂತ ಸಾಧನೆಯನ್ನು ತಾನೇ ಹಾಕಿಸಿಕೊಂಡವರಲ್ಲಿ ಇವನೇ ಮೊದಲಿಗ ಅಂತಾರೆ.

ಇನ್ನೊಂದು ಬದಿ ಹಿಪ್ಸೇಯಸ್‌ನದು. ಅಲ್ಲಿ ನಾಲ್ಕು ಕುದುರೆಯ ರಥದಲ್ಲಿ ಜುಪಿಟರ್, ಪ್ರಿವರ್ನಮ್ ಊರು ಗೆದ್ದ ಬಗ್ಗೆ ಬರಹ. ಅದು ಆಗಲೇ ಮುನ್ನೂರು ವರ್ಷದ ಹತ್ತಿರ ಹಳೆಯ ಕಥೆ. ಅವನಿಗೆ ಹೇಳಿಕೊಳ್ಳೋಕೆ ಹೊಸದೇನೂ ಇರಲಿಲ್ಲ ಪಾಪ.

ಈ ನಾಣ್ಯ ತುಂಬಾ ಹೊಡೆದಿದ್ದಾರೆ. ಇವತ್ತಿಗೂ ಸುಲಭವಾಗಿ ಸಿಗುತ್ತೆ. ನೀವು ಇದರಿಂದಲೇ ಶುರು ಮಾಡಿ.

ಮೇಷ್ಟ್ರು ಹಾಸನ

ಚಲಾವಣೆಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ತಾತನ ಹೆಸರು ಹೇಳುವ ನಾಣ್ಯಗಳಲ್ಲಿ ಪೌಲಸ್‌ನದು ಬಹಳ ಚೆನ್ನ. ಕ್ರಿ.ಪೂ. 62ರದು. ಮಧ್ಯದಲ್ಲಿ ಶತ್ರುಗಳ ಕವಚ, ಗುರಾಣಿ ನೇತುಹಾಕಿದ ವಿಜಯಸ್ತಂಭ. ಒಂದು ಪಕ್ಕ ಟೋಗಾ ಎಂಬ ರೋಮನ್ ಬಟ್ಟೆ ಉಟ್ಟ ಸೇನಾಪತಿ ಎಮಿಲಿಯಸ್ ಪೌಲಸ್. ಇನ್ನೊಂದು ಪಕ್ಕ ಮೂರು ಜನ ಸೆರೆಯಾಳುಗಳು: ಮ್ಯಾಸಿಡೋನಿಯಾದ ರಾಜ ಪರ್ಸಿಯಸ್, ಅವನ ಇಬ್ಬರು ಮಕ್ಕಳು. ಕ್ರಿ.ಪೂ. 168ರ ಪಿಡ್ನಾ ಯುದ್ಧದ ನೆನಪು ಅದು. ಅಲೆಕ್ಸಾಂಡರನ ಸಿಂಹಾಸನದಲ್ಲಿ ಕೂತ ಕೊನೆಯ ರಾಜ ಅಲ್ಲಿಗೆ ಮುಗಿದ.

ಗಮನಿಸಬೇಕಾದದ್ದು ಆ ಮಕ್ಕಳ ಎತ್ತರ. ಒಳ್ಳೆಯ ಪ್ರತಿಯಲ್ಲಿ ಮೂರು ಜನರೂ ಮೆಟ್ಟಿಲಿನಂತೆ ಇಳಿಯುತ್ತಾ ಹೋಗುತ್ತಾರೆ. ಸವೆದ ನಾಣ್ಯದಲ್ಲಿ ಕಿರಿಯವನು ಮೊದಲು ಅಳಿಸಿಹೋಗಿರುತ್ತಾನೆ. ಕೊಳ್ಳುವಾಗ ಅದನ್ನು ನೋಡಿ ಕೊಳ್ಳಿ.

ಇದನ್ನು ಹೊರಡಿಸಿದವನೂ ಪೌಲಸ್ ಅಂತಲೇ ಹೆಸರಿಟ್ಟುಕೊಂಡವನು. ಆದರೆ ಪಿಡ್ನಾ ಗೆದ್ದವನ ನೇರ ವಂಶದವನಲ್ಲ, ಅದೇ ಎಮಿಲಿಯಸ್ ಮನೆತನದ ಲೆಪಿಡಸ್ ಕವಲಿನವನು.

ತುಂಗಾತೀರ

ಮೇಷ್ಟ್ರೇ, ಚಲಾವಣೆ ಸರ್, ಇಬ್ಬರಿಗೂ ಧನ್ಯವಾದ. ಒಂಟೆ ನಾಣ್ಯ ಪಟ್ಟಿಗೆ ಹಾಕಿಕೊಂಡೆ. ಆದರೆ ಸೀಸರ್, ಆಮೇಲಿನ ಚಕ್ರವರ್ತಿಗಳ ಕಾಲದ್ದೂ ಬೇಕು. ಮೊದಲು ಸೀಸರ್?

ಹಳೇ ಚಲಾವಣೆ

ಸೀಸರ್ ಅಂದರೆ ಎಲ್ಲರೂ ಆನೆ ನಾಣ್ಯಕ್ಕೆ ಓಡ್ತಾರೆ. ಆನೆ ಒಂದು ಹಾವನ್ನು ತುಳಿಯುತ್ತಿರುತ್ತೆ, ಕೆಳಗೆ ಸೀಸರ್ ಅಂತ ಹೆಸರು. ಚಂದ ಇದೆ. ಲಕ್ಷಗಟ್ಟಲೆ ಹೊಡೆದಿದ್ದರಿಂದ ಬೇಕಾದಷ್ಟು ಸಿಗುತ್ತೆ. ಆದರೂ ಹೆಸರಿನ ಮೋಹಕ್ಕೆ ದುಬಾರಿ. ಅದು ಯಾವ ಗೆಲುವಿನದೂ ಅಂತ ಖಚಿತವಾಗಿ ಹೇಳೋ ಹಾಗಿಲ್ಲ. ಕ್ರಿ.ಪೂ. 49ರಲ್ಲಿ ರೂಬಿಕನ್ ಹೊಳೆ ದಾಟಿ ಅಂತರ್ಯುದ್ಧ ಶುರು ಮಾಡಿದ ಮೇಲೆ ಸೈನಿಕರ ಸಂಬಳಕ್ಕೆ ಹೊಡೆಸಿದ್ದು.

ನಿಮ್ಮ ವಿಷಯಕ್ಕೆ ಬೇಕಾಗಿರೋದು ಗಾಲ್, ಅಂದರೆ ಈಗಿನ ಫ್ರಾನ್ಸ್ ಕಡೆಯ ನಾಡು, ಗೆದ್ದ ನಾಣ್ಯ. ಅದರಲ್ಲಿ ಒಂದರ ಮುಂಬದಿಯಲ್ಲಿ ವೀನಸ್ ಮುಖ, ಹಿಂಬದಿಯಲ್ಲಿ ವಿಜಯಸ್ತಂಭ, ಕೆಳಗೆ ಇಬ್ಬರು ಸೆರೆಯಾಳು. ಗಂಡಸಿನ ಕೈ ಹಿಂದಕ್ಕೆ ಕಟ್ಟಿದ್ದಾರೆ, ಹೆಂಗಸು ತಲೆಗೆ ಕೈ ಹೊತ್ತು ಕೂತಿದ್ದಾಳೆ. ಕ್ರಿ.ಪೂ. 46-45ರಲ್ಲಿ ಸೀಸರ್ ಸ್ಪೇನ್‌ನಲ್ಲಿದ್ದಾಗ ಬಂದದ್ದು. ಸ್ತಂಭಕ್ಕೆ ತೂಗುಬಿಟ್ಟಿರೋ ಉದ್ದನೆಯ ತುತ್ತೂರಿ ನೋಡಿ. ಬಾಯಿ ಪ್ರಾಣಿಯ ತಲೆ ಥರ ಇರುತ್ತೆ. ಕಾರ್ನಿಕ್ಸ್ ಅಂತಾರೆ, ಗಾಲ್ ಜನರು ಯುದ್ಧದಲ್ಲಿ ಊದುತ್ತಿದ್ದ ಕಹಳೆ. ಅದು ಕಂಡರೆ ಗಾಲ್ ಅಂತ ಗುರುತು.

ಇನ್ನೊಂದು ಇದೆ, ನಮ್ಮಂಥವರ ಕೈಗೆ ಸಿಗೋದಲ್ಲ. ಕ್ರಿ.ಪೂ. 48ರಲ್ಲಿ ಹೊಸ್ಟೀಲಿಯಸ್ ಸಸೆರ್ನಾ ಹೊರಡಿಸಿದ್ದು. ಅದರ ಮೇಲೆ ಒಬ್ಬ ಗಾಲ್ ಯೋಧನ ಮುಖ. ಕೆನ್ನೆ ಒಳಗೆ ಹೋಗಿದೆ, ಕೂದಲು ಹಿಂದಕ್ಕೆ ಹಾರಿದೆ, ಕುತ್ತಿಗೆಗೆ ಸರಪಳಿ. ಇದು ಸೀಸರ್ ವಿರುದ್ಧ ಎದ್ದ ಗಾಲ್ ನಾಯಕ ವರ್ಸಿಂಗೆಟೋರಿಕ್ಸ್ ಅಂತ ಮಾರುವವರು ಬರೆದೇ ಬರೆಯುತ್ತಾರೆ. ನಾಣ್ಯದ ಮೇಲೆ ಅವನ ಹೆಸರಿಲ್ಲ. ಆದರೆ ಆ ಹೊತ್ತಿಗೆ ಅವನು ರೋಮನ್ನರ ಸೆರೆಯಲ್ಲಿದ್ದದ್ದು ನಿಜ. ಕ್ರಿ.ಪೂ. 52ರಲ್ಲಿ ಅಲೆಸಿಯಾದಲ್ಲಿ ಶರಣಾದ. ಕ್ರಿ.ಪೂ. 46ರ ಮೆರವಣಿಗೆಗೆ ಅಂತ ಇಟ್ಟುಕೊಂಡಿದ್ದು, ಅದು ಮುಗಿದ ಮೇಲೆ ಕೊಂದರು.

ಸೀಗೆಕಾಯಿ

ನಾನು ಇಲ್ಲಿ ಓದುವವಳೇ ಹೊರತು ಬರೆಯುವವಳಲ್ಲ. ಆದರೂ ಕೇಳಬೇಕು ಅನ್ನಿಸಿತು. ಸೆರೆಯಾಳು, ಕೈ ಕಟ್ಟಿದವನು, ಅಳುತ್ತಾ ಕೂತ ಹೆಂಗಸು, ಅಪ್ಪನ ಜೊತೆ ನಿಂತ ಮಕ್ಕಳು. ಇದನ್ನೆಲ್ಲಾ "ಚಂದ ಇದೆ" ಅಂತ ಟ್ರೇನಲ್ಲಿ ಜೋಡಿಸಿಡೋದು ಒಂಥರಾ ಅನ್ನಿಸಲ್ವಾ ನಿಮಗೆ? ಜಗಳಕ್ಕೆ ಕೇಳ್ತಿಲ್ಲ.

ಚಿಕ್ಕಪೇಟೆ ಹುಡುಗ

ಮೇಡಂ, ಎರಡು ಸಾವಿರ ವರ್ಷ ಆಯ್ತಲ್ಲ ಬಿಡಿ.

ಸೀಗೆಕಾಯಿ

ವರ್ಷ ಆದರೆ ಸರಿಹೋಯ್ತಾ?

ಮೇಷ್ಟ್ರು ಹಾಸನ

ಮೇಡಂ ಕೇಳಿದ್ದು ಸರಿಯಾಗೇ ಇದೆ. ಜುಡೇಯಾ ನಾಣ್ಯವನ್ನೇ ತೆಗೆದುಕೊಳ್ಳಿ. ವೆಸ್ಪೇಸಿಯನ್‌ನದು. ವಿಜಯಸ್ತಂಭದ ಬುಡದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದಾಳೆ, ತಲೆ ಕೈಗೆ ಆನಿಸಿದ್ದಾಳೆ. ಕೆಳಗೆ ಜುಡೇಯಾ ಅಂತ ಒಂದೇ ಪದ. ಸ್ತಂಭ ಅವಳ ತಲೆಗಿಂತ ಎತ್ತರ. ಒಂದು ಇಡೀ ನಾಡನ್ನು ಅಷ್ಟು ಚಿಕ್ಕದಾಗಿ ಕೂರಿಸಿದ್ದಾರೆ.

ಅದನ್ನು ಯಾರು ನೋಡಲಿ ಅಂತ ಹೊಡೆದರು? ಮೊದಲಿಗೆ ಸೈನಿಕರು. ಆಗಸ್ಟಸ್ ಕಾಲದಲ್ಲಿ ಒಬ್ಬ ಸೈನಿಕನಿಗೆ ವರ್ಷಕ್ಕೆ 225 ಡೆನಾರಿಯಸ್ ಸಂಬಳ. ಆಮೇಲೆ ಅದೇ ದುಡ್ಡು ಸಂತೆಗೆ ಬರುತ್ತದೆ, ಸೋತ ನಾಡಿನ ಸಂತೆಗೂ ಬರುತ್ತದೆ. ತಾವು ಸೋತ ಚಿತ್ರ ಇರುವ ದುಡ್ಡಿನಲ್ಲೇ ಅವರು ಉಪ್ಪು, ಎಣ್ಣೆ ಕೊಳ್ಳಬೇಕು. ಜೆರುಸಲೇಮಿನ ದೇಗುಲಕ್ಕೆ ಯಹೂದಿಗಳು ಕೊಡುತ್ತಿದ್ದ ವರ್ಷದ ಕಾಣಿಕೆಯನ್ನು ವೆಸ್ಪೇಸಿಯನ್ ತೆರಿಗೆ ಮಾಡಿ ರೋಮ್‌ನ ಜುಪಿಟರ್ ಗುಡಿಗೆ ತಿರುಗಿಸಿದ, ತಲೆಗೆ ಎರಡು ಡೆನಾರಿಯಸ್‌ನಂತೆ. ಆ ತೆರಿಗೆ ಕಟ್ಟಿದ ನಾಣ್ಯಗಳಲ್ಲಿ ಈ ಹೆಂಗಸು ಇರುವ ನಾಣ್ಯವೂ ಇದ್ದಿರಲೇಬೇಕು ಅಂತ ನನ್ನ ಅನಿಸಿಕೆ.

ಇಸ್ರೇಲ್ 1958ರಲ್ಲಿ, ದೇಶ ಹುಟ್ಟಿ ಹತ್ತು ವರ್ಷ ಆದಾಗ, ಇದೇ ಬಗೆಯ ಚಿತ್ರ ಇಟ್ಟುಕೊಂಡು ಒಂದು ಪದಕ ಹೊರಡಿಸಿತು. ಒಂದು ಬದಿ ಹಳೆಯ ರೋಮನ್ ನಾಣ್ಯದ ನಕಲು, ಇನ್ನೊಂದು ಬದಿ ಬಿಡುಗಡೆಯಾದ ಇಸ್ರೇಲ್. ನಾಣ್ಯ ಹೊಡೆಸಿದವನ ಸಾಮ್ರಾಜ್ಯ ಹೋಯಿತು, ನಾಣ್ಯವನ್ನು ಸೋತವರ ಕಡೆಯವರೇ ಇಟ್ಟುಕೊಂಡರು. ಹಾಗಾಗಿ ಇಟ್ಟುಕೊಳ್ಳುವುದೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಾಣ್ಯದ ಜೊತೆ ಇಡುವ ಚೀಟಿಯಲ್ಲಿ ಏನು ಬರೆದಿಡುತ್ತೀರಿ ಅನ್ನುವುದು ಮುಖ್ಯ. "ವೆಸ್ಪೇಸಿಯನ್, ಬೆಳ್ಳಿ, 3.3 ಗ್ರಾಂ" ಅಂತ ಮಾತ್ರ ಬರೆದು ಮುಗಿಸಬೇಡಿ.

ಹಳೇ ಚಲಾವಣೆ

ಮೇಷ್ಟ್ರು ಹೇಳಿದ ಅದೇ ನಾಣ್ಯದ ಬಗ್ಗೆ ಇನ್ನೊಂದು ವಿಷಯ. ನಾಣ್ಯಗಳ ಈಗಿನ ಸೂಚಿ ಪುಸ್ತಕಗಳು ಅದರ ಕಾಲವನ್ನು ಕ್ರಿ.ಶ. 69ರ ಡಿಸೆಂಬರ್ ಕೊನೆಯಿಂದ 70ರ ಶುರುವಿನ ನಡುವೆ ಇಡುತ್ತವೆ. ಜೆರುಸಲೇಮ್ ಬಿದ್ದದ್ದು 70ರ ಆಗಸ್ಟ್-ಸೆಪ್ಟೆಂಬರಿನಲ್ಲಿ. ಅಂದರೆ ಊರು ಇನ್ನೂ ನಿಂತಿತ್ತು, ಮಗ ಟೈಟಸ್ ಮುತ್ತಿಗೆಯನ್ನೂ ಹಾಕಿರಲಿಲ್ಲ. ಇಲ್ಲಿ ರೋಮ್ ಟಂಕಸಾಲೆಯಲ್ಲಿ ಅಳುವ ಹೆಂಗಸಿನ ಅಚ್ಚು ಆಗಲೇ ರೆಡಿ.

ಕಾರಣ ಇದೆ. 69 ಅಂದರೆ ಒಂದೇ ವರ್ಷದಲ್ಲಿ ನಾಲ್ಕು ಚಕ್ರವರ್ತಿಗಳು. ನಾಲ್ಕನೆಯವನು ವೆಸ್ಪೇಸಿಯನ್. ದೊಡ್ಡ ಮನೆತನ ಇಲ್ಲ. ಗಾದಿಗೆ ಬಂದದ್ದು ರೋಮನ್ನರೇ ರೋಮನ್ನರನ್ನು ಕೊಂದ ಯುದ್ಧದಿಂದ. ಅದನ್ನು ನಾಣ್ಯದ ಮೇಲೆ ಹಾಕೋಕಾಗುತ್ತಾ? ಹೊರಗಿನ ಒಂದು ಗೆಲುವು ತುರ್ತಾಗಿ ಬೇಕಿತ್ತು. ಸುಮ್ನೆ ಚಿತ್ರ ನೋಡಿ ಖುಷಿಪಡೋದಕ್ಕಿಂತ ಈ ತಾರೀಕು ಲೆಕ್ಕ ಹಾಕೋದ್ರಲ್ಲಿ ಮಜಾ ಜಾಸ್ತಿ.

ತುಂಗಾತೀರ ಅವರೇ, ಬೆಲೆ ನೋಡಿ ತಲೆ ಸುತ್ತುತ್ತೆ ಅಂದಿರಲ್ಲ. ನಾಣ್ಯ ಅಪರೂಪ ಅಂತ ಅಲ್ಲ. ಯಹೂದಿ ಚರಿತ್ರೆ, ಬೈಬಲ್ ಚರಿತ್ರೆ ಸಂಗ್ರಹಿಸುವವರೆಲ್ಲಾ ಅದಕ್ಕೇ ಬೀಳ್ತಾರೆ. ಟೈಟಸ್‌ನ 79-80ರ ಕೆಲವು ಡೆನಾರಿಯಸ್‌ಗಳಲ್ಲೂ ಸ್ತಂಭ, ಮಂಡಿಯೂರಿದ ಸೆರೆಯಾಳು ಇದೆ. ಅದರ ಮೇಲೆ ಯಾವ ನಾಡಿನ ಹೆಸರೂ ಇಲ್ಲ. ಹೆಸರಿಲ್ಲದ್ದಕ್ಕೆ ಬೆಲೆ ಕಮ್ಮಿ.

ಚಿಕ್ಕಪೇಟೆ ಹುಡುಗ

ಒಳ್ಳೇ ಟೈಮಿಗೆ ಈ ಮಾತು ಬಂತು. ಸಂಡೆ ಬಜಾರಿನಲ್ಲಿ ಒಬ್ಬರು ಇದೇ ಜುಡೇಯಾ ನಾಣ್ಯ ಇಟ್ಟುಕೊಂಡಿದ್ದಾರೆ. ಕೊಯಮತ್ತೂರು ಹತ್ತಿರ ಹೊಲ ಉಳುವಾಗ ಸಿಕ್ಕ ಕುಡಿಕೆಯದು ಅಂತಾರೆ. ಕೇಳ್ತಿರೋದು ಆರು ಸಾವಿರ. ನಾನು ಇನ್ನೂ ದುಡ್ಡು ಕೊಟ್ಟಿಲ್ಲ. ತಕ್ಕಡಿಯಲ್ಲಿ ತೂಗಿ ನೋಡಿದೆ, 2.71 ಗ್ರಾಂ. ಅಂಚಿನ ಸುತ್ತ ತೆಳ್ಳಗೆ ಒಂದು ಗೆರೆ ಇದೆ. ಲೆನ್ಸ್ ಹಾಕಿದರೆ ಅಕ್ಷರಗಳ ಮಧ್ಯೆ ಗುಂಡುಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ನಮ್ಮದು ಅಕ್ಕಸಾಲಿ ಮನೆ. ಒರೆಗಲ್ಲಿಗೆ ಒಂದು ಸಲ ಉಜ್ಜಿದರೆ ಗೊತ್ತಾಗುತ್ತೆ ಅಂತಾರೆ ಅಪ್ಪ. ಉಜ್ಜಲಾ?

ಹಳೇ ಚಲಾವಣೆ

ಬೇಡ ಮಾರಾಯ! ಅಪ್ಪನಿಗೆ ನಮಸ್ಕಾರ ಹೇಳು. ಒರೆಗಲ್ಲಿಗೆ ಉಜ್ಜಿದರೆ ನಿಜವಾದ ನಾಣ್ಯವಾದರೂ ಕೆಟ್ಟುಹೋಗುತ್ತೆ. ಉತ್ತರವೂ ಸರಿಯಾಗಿ ಬರಲ್ಲ. ಬೆಳ್ಳಿಗೆ ತಾಮ್ರ ಬೆರೆಸಿದ ಬಿಲ್ಲೆಯನ್ನು ಕಾಯಿಸಿ ಹುಳಿಯಲ್ಲಿ ಅದ್ದಿದರೆ ಮೇಲ್ಪದರದ ತಾಮ್ರ ಹೋಗಿ ಬೆಳ್ಳಿ ಉಳಿಯುತ್ತೆ. ರೋಮನ್ನರೂ ಅಚ್ಚು ಹೊಡೆಯುವ ಮೊದಲು ಹಾಗೇ ಮಾಡ್ತಿದ್ದರು. ಹಾಗಾಗಿ ಒರೆ ಒಳಗಿರೋದಕ್ಕಿಂತ ಒಳ್ಳೇ ಬೆಳ್ಳಿ ತೋರಿಸುತ್ತೆ. ಈ ಕೆಲಸ ನಿಮ್ಮ ಅಪ್ಪನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ.

ನೀನು ಹೇಳಿದ ಗುರುತುಗಳೇ ಸಾಕು. ವೆಸ್ಪೇಸಿಯನ್ ಡೆನಾರಿಯಸ್ 3.2ರಿಂದ 3.4 ಗ್ರಾಂ ಹತ್ತಿರ ಇರಬೇಕು. ತುಂಬಾ ಸವೆದಿದ್ದರೆ 3ಕ್ಕೆ ಇಳಿಯಬಹುದು. 2.71 ಅಂದರೆ ಏನೋ ಸರಿಯಿಲ್ಲ. ಅಂಚಿನ ಗೆರೆ ಎರಡು ಭಾಗದ ಎರಕದ ಅಚ್ಚು ಸೇರಿದ ಜಾಗ. ಆ ತೂತುಗಳು ಎರಕ ಹೊಯ್ಯುವಾಗ ಸಿಕ್ಕಿಕೊಂಡ ಗಾಳಿಗುಳ್ಳೆ. ರೋಮನ್ನರು ಡೆನಾರಿಯಸ್ ಎರಕ ಹೊಯ್ಯುತ್ತಿರಲಿಲ್ಲ, ಎರಡು ಅಚ್ಚಿನ ಮಧ್ಯೆ ಬಿಲ್ಲೆ ಇಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಹಾಗೆ ಹೊಡೆದದ್ದರಲ್ಲಿ ಅಕ್ಷರದ ಬುಡದಿಂದ ಅಂಚಿನ ಕಡೆಗೆ ಲೋಹ ಹರಿದ ಸಣ್ಣ ಗೆರೆಗಳು ಕಾಣುತ್ತವೆ. ಅಂಚು ಒಂದೆರಡು ಕಡೆ ಸೀಳಿರುತ್ತೆ. ಅಂಚು ಸೀಳಿದ್ದರೆ ಬೇಜಾರು ಮಾಡ್ಕೋಬೇಡಿ, ಅದು ಸುತ್ತಿಗೆ ಬಿದ್ದ ಗುರುತು. ಎರಕದ ನಕಲು ಸೋಪು ಸವೆದ ಹಾಗೆ ನುಣ್ಣಗಿರುತ್ತೆ.

ಕೊಯಮತ್ತೂರಿನ ಕಥೆ ಬಗ್ಗೆ ಯೋಚನೆ ಮಾಡು. ಅಲ್ಲಿ ರೋಮನ್ ಬೆಳ್ಳಿ ಸಿಕ್ಕಿರೋದು ನಿಜ. ಆದರೆ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು ಅಂತ ಕಾನೂನಿದೆ. ಆತ ಹೇಳೋದು ನಿಜವಾದರೆ ಮಾಲು ಅಕ್ರಮ. ಸುಳ್ಳಾದರೆ ನಾಣ್ಯವೂ ಸುಳ್ಳು. ಎರಡರಲ್ಲಿ ಯಾವುದಕ್ಕೆ ಆರು ಸಾವಿರ ಕೊಡ್ತೀಯ?

ಚಿಕ್ಕಪೇಟೆ ಹುಡುಗ

ಹಹಹ. ಅಪ್ಪನೂ ಹುಳಿ ವಿಷಯ ಕೇಳಿ "ನಾವೂ ಹಾಗೇ ತಾನೆ ಮಾಡೋದು" ಅಂತ ನಕ್ಕರು. ಬಿಟ್ಟೆ ಗುರುಗಳೇ, ಬೇಡ. ನಾಣ್ಯವನ್ನ ನೀರಲ್ಲಿ ತೂಗಿ ಬೆಳ್ಳಿ ಪರೀಕ್ಷೆ ಮಾಡೋದು ಹೇಗೆ?

ಹಳೇ ಚಲಾವಣೆ

ದಾರ ಕಟ್ಟಿ ನೀರಿನ ಲೋಟದಲ್ಲಿ ಮುಳುಗಿಸಿ ತೂಗು, ತಳ ಮುಟ್ಟಬಾರದು. ಗಾಳಿಯಲ್ಲಿ ತೂಗಿದ್ದನ್ನು, ನೀರಲ್ಲಿ ಕಮ್ಮಿಯಾದ ತೂಕದಿಂದ ಭಾಗಿಸು. ಶುದ್ಧ ಬೆಳ್ಳಿ 10.5 ಬರುತ್ತೆ, ತಾಮ್ರ 8.9. ಒಳ್ಳೇ ಡೆನಾರಿಯಸ್ 10ರ ಮೇಲೆ ಬರಬೇಕು. ನಾಣ್ಯ ಚಿಕ್ಕದು, ಅದಕ್ಕೆ 0.01 ಗ್ರಾಂ ತೋರಿಸೋ ತಕ್ಕಡಿಯಾದರೂ ಇರಲಿ. 9ರ ಹತ್ತಿರ ಬಂದರೆ ಒಳಗೆ ತಾಮ್ರ, ಮೇಲೆ ಬೆಳ್ಳಿ ಹೊದಿಸಿದ್ದು. ಅದರಲ್ಲೂ ಪುರಾತನ ಕಾಲದವೇ ಇವೆ, ಫೂರೇ ಅಂತಾರೆ. ಆ ಕಾಲದ ಕಳ್ಳನ ಕೆಲಸ ಅಂತ ಅದನ್ನೇ ಹುಡುಕಿ ಸಂಗ್ರಹಿಸೋರೂ ಇದ್ದಾರೆ.

ಅಯಸ್ಕಾಂತ ನಂಬಬೇಡ. ಕಬ್ಬಿಣ, ನಿಕಲ್‌ನಂಥ ಕೆಲವು ಲೋಹ ಬಿಟ್ಟರೆ ಬೇರೇನನ್ನೂ ಅದು ಹಿಡಿಯಲ್ಲ.

ಯಾರ್ಕ್‌ಷೈರ್ ಕನ್ನಡಿಗ

ತಡವಾಗಿ ನೋಡಿದೆ. ಇಲ್ಲಿ ಇಂಗ್ಲೆಂಡಿನಲ್ಲಿ ಕೊಳ್ಳೋದು ಸುಲಭ. ಹೊಲದಲ್ಲಿ ಸಿಕ್ಕಿದ್ದನ್ನು ವರದಿ ಮಾಡೋ ವ್ಯವಸ್ಥೆ ಇದೆ, ವರದಿಯಾದದ್ದಕ್ಕೆ ನಂಬರ್ ಇರುತ್ತೆ, ಅದನ್ನ ಆನ್‌ಲೈನಿನಲ್ಲಿ ನೋಡಬಹುದು. ನಾನು ನಂಬರ್ ಇಲ್ಲದೆ, ಹಳೇ ಹರಾಜಿನ ದಾಖಲೆ ಇಲ್ಲದೆ ಕೊಳ್ಳೋದೇ ಇಲ್ಲ.

ದಾಖಲೆ ಇದ್ದರೆ ಸಾಲದು, ದಾಖಲೆ ನಿಜ ಇರಬೇಕು. ಬ್ರೂಟಸ್‌ನ ಕಠಾರಿ ನಾಣ್ಯ ಗೊತ್ತಲ್ಲ, ಸೀಸರನನ್ನು ಕೊಂದದ್ದನ್ನೇ ಹಾಕಿಸಿದ್ದು, ಎರಡು ಕಠಾರಿ ಮಧ್ಯೆ ಒಂದು ಟೊಪ್ಪಿ. ಅದರ ಚಿನ್ನದ ಪ್ರತಿಯೊಂದು 2020ರಲ್ಲಿ ಲಂಡನ್‌ನಲ್ಲಿ ಸುಮಾರು 42 ಲಕ್ಷ ಡಾಲರಿಗೆ ಹೋಯಿತು. ಆಮೇಲೆ ಅದರ ಹಿಂದಿನ ಮಾಲೀಕರ ಚರಿತ್ರೆ ಕಟ್ಟುಕಥೆ ಅಂತ ಗೊತ್ತಾಗಿ, 2023ರಲ್ಲಿ ಗ್ರೀಸ್ ದೇಶಕ್ಕೆ ವಾಪಸ್ ಕೊಟ್ಟರು. ಅಷ್ಟು ದೊಡ್ಡ ನಾಣ್ಯಕ್ಕೇ ಹೀಗಾದರೆ ನಮ್ಮ ಸಣ್ಣದರ ಗತಿ ಯೋಚಿಸಿ.

ತುಂಗಾತೀರ ಅವರೇ, ಪಟ್ಟಿಗೆ ನನ್ನದೊಂದು ಸಲಹೆ: ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್. ಇವನ ಪಾರ್ಥಿಯಾ (ಈಗಿನ ಇರಾನ್, ಇರಾಕ್ ಕಡೆಯ ಸಾಮ್ರಾಜ್ಯ) ಗೆದ್ದ ಡೆನಾರಿಯಸ್‌ಗಳಲ್ಲಿ ಸ್ತಂಭದ ಎರಡೂ ಕಡೆ ಬೆನ್ನು ಮಾಡಿ ಕೂತ ಇಬ್ಬರು ಸೆರೆಯಾಳು ಇರುತ್ತಾರೆ, "ಪಾರ್ಟ್ ಮ್ಯಾಕ್ಸ್" ಅಂತ ಬರಹ. ಕ್ರಿ.ಶ. 201ರ ಸುಮಾರಿನದು. ಈ ಇಡೀ ವಿಷಯದಲ್ಲಿ ಇಷ್ಟು ಅಗ್ಗದ್ದು ಬೇರೆ ಸಿಗೋದು ಕಷ್ಟ. ಬೆಳ್ಳಿ ಅರ್ಧಕ್ಕೆ ಇಳಿದಿರುತ್ತೆ, ಅಷ್ಟು ಬಿಟ್ಟರೆ ಚಿತ್ರ ಚೆನ್ನಾಗಿರುತ್ತೆ.

ಇವನದೇ "ವಿಕ್ಟೋರಿಯೇ ಬ್ರಿಟ್" ನಾಣ್ಯ ಕ್ರಿ.ಶ. 210ರದು. ಸ್ಕಾಟ್ಲೆಂಡ್ ಗೆಲ್ಲೋಕೆ ಮಕ್ಕಳ ಜೊತೆ ಬಂದ. 211ರ ಫೆಬ್ರವರಿಯಲ್ಲಿ ಇದೇ ಯಾರ್ಕ್‌ನಲ್ಲಿ ಸತ್ತ. ಮಗ ಕರಕಲ್ಲಾ ಎಲ್ಲಾ ಬಿಟ್ಟು ರೋಮ್‌ಗೆ ಹೊರಟ. ಗೆದ್ದ ನಾಣ್ಯ ಉಳಿಯಿತು, ಗೆದ್ದ ನೆಲ ಉಳಿಯಲಿಲ್ಲ. ಇಲ್ಲಿನವರಿಗೆ ಇದರ ಮೇಲೆ ಆಸೆ ಜಾಸ್ತಿ, ಹಾಗಾಗಿ ಅಗ್ಗ ಅಲ್ಲ.

ತುಂಗಾತೀರ

ಹಾಗಾದರೆ ನಿಜವಾಗಿ ಗೆದ್ದು, ನಿಜವಾಗಿ ಇಟ್ಟುಕೊಂಡ ನಾಡಿನ ನಾಣ್ಯ ಒಂದೂ ಇಲ್ವಾ?! ಎಲ್ಲಾ ಬೊಗಳೆಯೇ?

ಹಳೇ ಚಲಾವಣೆ

ಇದ್ದಾವಪ್ಪಾ, ಇದ್ದಾವೆ. ಈಜಿಪ್ಟ್ ಪಕ್ಕಾ ಗೆಲುವು. ಕ್ರಿ.ಪೂ. 30ರಲ್ಲಿ ಆಂಟನಿ, ಕ್ಲಿಯೋಪಾತ್ರ ಸತ್ತರು, 28-27ರಲ್ಲಿ "ಏಗುಪ್ಟೋ ಕಾಪ್ಟಾ" ಮೊಸಳೆ ಬಂತು. ಅದು ನಿಮಗೆ ಬೇಡ, ಕಿಸೆ ಹರಿಯುತ್ತೆ. ನಕಲೂ ವಿಪರೀತ. ಮೊಸಳೆಯೇ ಬೇಕು ಅಂದರೆ ಬೆಳ್ಳಿ ಹಟ ಬಿಟ್ಟು ಫ್ರಾನ್ಸಿನ ನೀಮ್ ಪಟ್ಟಣದ ಕಂಚಿನ ನಾಣ್ಯ ನೋಡಿ. ಖರ್ಜೂರದ ಮರಕ್ಕೆ ಸರಪಳಿಯಲ್ಲಿ ಕಟ್ಟಿದ ಮೊಸಳೆ, ಇನ್ನೊಂದು ಬದಿ ಆಗಸ್ಟಸ್ ಮತ್ತು ಅವನ ಸೇನಾಪತಿ ಅಗ್ರಿಪ್ಪ ಬೆನ್ನಿಗೆ ಬೆನ್ನು. ಚಿಲ್ಲರೆಗೆ ಅಂತ ಅದನ್ನ ಆಗಲೇ ಅರ್ಧ ಕತ್ತರಿಸುತ್ತಿದ್ದರು. ಮೊಸಳೆ ಬಾಲದ ಅರ್ಧ ಮಾತ್ರ ಸಿಕ್ಕರೂ ಅಸಲಿಯೇ.

ಚಕ್ರವರ್ತಿ ಟ್ರಾಜನ್‌ನ ಡೇಸಿಯಾ ಕೂಡ ಪಕ್ಕಾ. ಈಗಿನ ರೊಮೇನಿಯಾ. ಕ್ರಿ.ಶ. 101-102, 105-106, ಎರಡು ಯುದ್ಧ. ರಾಜ ಡೆಸೆಬಾಲಸ್ ಸಿಕ್ಕಿಬೀಳುವ ಮೊದಲು ತಾನೇ ಕತ್ತು ಕೊಯ್ದುಕೊಂಡ. ಡೇಸಿಯಾ ನಾಣ್ಯಗಳಲ್ಲಿ ಎಷ್ಟು ಬಗೆ ಇವೆ ಅಂದರೆ ಅದೊಂದೇ ಒಂದು ಸಂಗ್ರಹ ಆಗುತ್ತೆ: ಆಯುಧದ ರಾಶಿ ಮೇಲೆ ಕೂತು ಅಳುವವನು, ಕೈ ಕಟ್ಟಿದವನು, ಡೇಸಿಯನ್ನನ ಮೇಲೆ ಕುದುರೆ ಹಾಯಿಸುತ್ತಿರುವ ಚಕ್ರವರ್ತಿ. ಆ ರಾಶಿಯಲ್ಲಿ ಕುಡುಗೋಲಿನಂತೆ ಬಾಗಿದ ಕತ್ತಿ ಹುಡುಕಿ. ಅದು ಡೇಸಿಯನ್ನರದ್ದೇ. ಬೆಲೆಯೂ ಹಿತವಾಗಿದೆ.

ಟ್ರಾಜನ್‌ನದೇ ಇನ್ನೊಂದು ಅರೇಬಿಯಾ ನಾಣ್ಯ, ಸುಮಾರು 111ರದು. ಒಬ್ಬಳು ನಿಂತಿದ್ದಾಳೆ, ಕಾಲ ಹತ್ತಿರ ಪುಟ್ಟ ಒಂಟೆ. ಅಳುತ್ತಿಲ್ಲ, ಕೈ ಕಟ್ಟಿಲ್ಲ. ಗೆದ್ದುಕೊಂಡೆವು ಅಂತ ಬರೆಯದೆ, ಪಡೆದುಕೊಂಡೆವು ಅನ್ನೋ ಅರ್ಥದ "ಅರಬ್ ಅಡ್ಕ್" ಹಾಕಿದ್ದಾರೆ. 106ರಲ್ಲಿ ನಬಾಟಿಯನ್ ರಾಜ ಸತ್ತ ಮೇಲೆ ಆ ರಾಜ್ಯವನ್ನು ದೊಡ್ಡ ಗಲಾಟೆ ಇಲ್ಲದೆ ಸೇರಿಸಿಕೊಂಡರು. ಸ್ಕಾರಸ್ ದುಡ್ಡು ತಗೊಂಡು ಬಿಟ್ಟು ಬಂದ ಅದೇ ನಾಡು! ಸ್ಕಾರಸ್‌ನ ಒಂಟೆ, ಟ್ರಾಜನ್‌ನ ಒಂಟೆ ಎರಡನ್ನೂ ಪಕ್ಕಪಕ್ಕ ಇಡಿ. ಸೀಗೆಕಾಯಿ ಮೇಡಂಗೂ ಈ ಅರೇಬಿಯಾ ಇಷ್ಟ ಆಗಬಹುದು.

ಸೀಗೆಕಾಯಿ

ನೋಡಿದೆ. ಒಂಟೆ ಕುರಿಮರಿ ಥರ ಇದೆ. ಇದು ಪರವಾಗಿಲ್ಲ.

ಮೇಷ್ಟ್ರು ಹಾಸನ

ಬೊಗಳೆ ಅಂದರೆ ವೆಸ್ಪೇಸಿಯನ್‌ನ ಕಿರಿಯ ಮಗ ಡೊಮಿಷಿಯನ್‌ನ ಜರ್ಮೇನಿಯಾ ಬಿಡಬಾರದು. ಕ್ರಿ.ಶ. 83ರಲ್ಲಿ ಜರ್ಮನಿಯ ಚಾಟ್ಟಿ ಜನರ ಮೇಲೆ ದಂಡೆತ್ತಿ ಹೋದ, 84ರ ಡೆನಾರಿಯಸ್‌ನಲ್ಲಿ ಜರ್ಮೇನಿಯಾ ಗುರಾಣಿ ಮೇಲೆ ಕೂತು ಅಳುತ್ತಾಳೆ, ಕೆಳಗೆ ಮುರಿದ ಈಟಿ. ಇದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಚೆನ್ನಾಗಿ ಲೇವಡಿ ಮಾಡಿದ್ದಾನೆ: ಮೆರವಣಿಗೆಗೆ ಸೆರೆಯಾಳು ಸಾಲದೆ, ಗುಲಾಮರನ್ನು ಸಂತೆಯಲ್ಲಿ ಕೊಂಡು ಕೂದಲು, ಬಟ್ಟೆ ಬದಲಿಸಿ ನಿಲ್ಲಿಸಿದರಂತೆ. ಟ್ಯಾಸಿಟಸ್‌ಗೆ ಡೊಮಿಷಿಯನ್ ಮೇಲೆ ಹಗೆ ಇತ್ತು, ಅವನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ತೆಗೆದುಕೊಳ್ಳಬೇಕು.

ಆದರೆ ಆ ನಾಣ್ಯದ ಬೆಳ್ಳಿಯಲ್ಲಿ ಮೋಸವಿಲ್ಲ. ಡೊಮಿಷಿಯನ್ 82ರಲ್ಲಿ ಡೆನಾರಿಯಸ್‌ನ ಬೆಳ್ಳಿಯನ್ನು ಹೆಚ್ಚುಕಮ್ಮಿ ಅಪ್ಪಟಕ್ಕೆ ಏರಿಸಿದ, 85ರಲ್ಲಿ ಮತ್ತೆ ಸ್ವಲ್ಪ ಇಳಿಸಿದ. ಜರ್ಮೇನಿಯಾ ಬಂದದ್ದು ಆ ಮೂರು ವರ್ಷದ ನಡುವೆ. ಸೈನಿಕರ ಸಂಬಳವನ್ನೂ ಅದೇ ಹೊತ್ತಿಗೆ 225ರಿಂದ 300ಕ್ಕೆ ಏರಿಸಿದ. ಗೆಲುವು ಹೇಗೇ ಇರಲಿ, ಸೈನಿಕರಿಗೆ ದುಡ್ಡು ಗಟ್ಟಿಯಾಗಿ ಸಿಕ್ಕಿತು.

ಹಾಗೆಯೇ ಆಗಸ್ಟಸ್‌ನ ಮಂಡಿಯೂರಿದ ಪಾರ್ಥಿಯನ್. ಕ್ರಿ.ಪೂ. 53ರಲ್ಲಿ ರೋಮನ್ ಸೇನಾಪತಿ ಕ್ರಾಸಸ್ ಕಾರೇ ಬಯಲಿನಲ್ಲಿ ಸೋತು ದಳಗಳ ಧ್ವಜ ಕಳೆದುಕೊಂಡ. ಕ್ರಿ.ಪೂ. 20ರಲ್ಲಿ ಆಗಸ್ಟಸ್ ಮಾತುಕತೆ ಮಾಡಿ ಅವನ್ನು ವಾಪಸ್ ಪಡೆದ. ಯುದ್ಧವೇ ನಡೆಯಲಿಲ್ಲ. ನಾಣ್ಯದಲ್ಲಿ ಮಾತ್ರ ಪಾರ್ಥಿಯನ್ ಮಂಡಿಯೂರಿ ಧ್ವಜ ಒಪ್ಪಿಸುತ್ತಾನೆ.

ಚಿಕ್ಕಪೇಟೆ ಹುಡುಗ

ನಮ್ಮ ಬೆಂಗಳೂರಲ್ಲೇ ರೋಮನ್ ಬೆಳ್ಳಿ ಸಿಕ್ಕಿದೆಯಲ್ಲ? ಯಶವಂತಪುರದ ಹತ್ತಿರ. ಅದರಲ್ಲಿ ಇಂಥ ಗೆದ್ದ ನಾಣ್ಯ ಇರಲಿಲ್ವಾ?

ಹಳೇ ಚಲಾವಣೆ

1891ರಲ್ಲಿ ಯಶವಂತಪುರದಲ್ಲಿ 163 ಡೆನಾರಿಯಸ್ ಸಿಕ್ಕಿದ್ದವು. ಆಮೇಲೆ ಎಚ್‌ಎಎಲ್ ಹತ್ತಿರವೂ ಒಂದು ದೊಡ್ಡ ಗಂಟು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಇದೆ, 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆದ ಜಾಗ ಅದು.

ದಕ್ಷಿಣ ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿಯಲ್ಲಿ ಬಹುಪಾಲು ಎರಡೇ ಬಗೆ. ಒಂದು ಆಗಸ್ಟಸ್‌ನದು, ಮೊಮ್ಮಕ್ಕಳಾದ ಗೈಯಸ್, ಲೂಸಿಯಸ್ ಗುರಾಣಿ ಈಟಿ ಹಿಡಿದು ನಿಂತಿರುತ್ತಾರೆ. ಇನ್ನೊಂದು ಟೈಬೀರಿಯಸ್‌ನದು, ಒಬ್ಬ ಹೆಂಗಸು ಕುರ್ಚಿಯಲ್ಲಿ ಕೂತಿರುತ್ತಾಳೆ. ಗೆದ್ದದ್ದು ಸೋತದ್ದು ನಮ್ಮ ವ್ಯಾಪಾರಿಗಳಿಗೆ ಯಾಕೆ? ಅವರಿಗೆ ಬೇಕಿದ್ದದ್ದು ತೂಕ ಮತ್ತು ಒಂದೇ ಥರದ ಬೆಳ್ಳಿ. ಸಿಂಹಳದ ರಾಜನ ಕಥೆಯನ್ನು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ: ಬೇರೆ ಬೇರೆ ಮುಖ ಇದ್ದರೂ ಡೆನಾರಿಯಸ್‌ಗಳೆಲ್ಲಾ ಒಂದೇ ತೂಕ ಇದ್ದದ್ದು ನೋಡಿ ಆತ ಮೆಚ್ಚಿಕೊಂಡನಂತೆ. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹೋಗುತ್ತೆ ಅಂತ ಗೊಣಗಿದವನೂ ಅವನೇ. ಅಂದರೆ, ನಾಲ್ಕು ಸೆಸ್ಟರ್ಸ್‌ಗೆ ಒಂದರಂತೆ, 1.25 ಕೋಟಿ ಡೆನಾರಿಯಸ್. ಕ್ರಿ.ಶ. 64ರಲ್ಲಿ ನೀರೋ ತೂಕ, ಬೆಳ್ಳಿ ಎರಡನ್ನೂ ಇಳಿಸಿದ ಮೇಲಿನ ಡೆನಾರಿಯಸ್ ಇಲ್ಲಿ ಸಿಗೋದು ಬಹಳ ಕಮ್ಮಿ.

ಹಾಗಾಗಿ ನಿನ್ನ ಸಂಡೆ ಬಜಾರಿನವರು ವೆಸ್ಪೇಸಿಯನ್‌ನ ನಾಣ್ಯ ತೋರಿಸಿ ಕೊಯಮತ್ತೂರು ಕುಡಿಕೆ ಅಂದಾಗಲೇ ಅನುಮಾನ ಬರಬೇಕಿತ್ತು.

ಯಾರ್ಕ್‌ಷೈರ್ ಕನ್ನಡಿಗ

ಊರಿಗೆ ಬರುವಾಗ ನನ್ನವನ್ನು ತರಬೇಕು ಅಂತಿದ್ದೆ. ತಂದಮೇಲೆ ವಾಪಸ್ ಒಯ್ಯಬಹುದಾ?

ಹಳೇ ಚಲಾವಣೆ

ತರಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಅದು ನಿಮ್ಮದೇ, ಹೊರಗಿನಿಂದಲೇ ತಂದದ್ದು ಅಂತ ಏರ್‌ಪೋರ್ಟಿನಲ್ಲಿ ವಾದ ಮಾಡಿಕೊಂಡು ನಿಲ್ಲೋದು ಯಾರಿಗೆ ಬೇಕು. ಫೋಟೋ ಹಾಕಿ, ನಾವು ಇಲ್ಲೇ ನೋಡ್ತೀವಿ.

ತುಂಗಾತೀರ

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ: ಸ್ಕಾರಸ್ ಒಂಟೆ, ಟ್ರಾಜನ್‌ನ ಅರೇಬಿಯಾ, ಒಂದು ಡೇಸಿಯಾ, ಸೆವೆರಸ್‌ನ ಪಾರ್ಥಿಯಾ. ಜರ್ಮೇನಿಯಾ ಕಣ್ಣಿಟ್ಟಿರುತ್ತೇನೆ. ಜುಡೇಯಾ ಬೋನಸ್ ಬಂದ ವರ್ಷ. ಒಂದು ಹರಾಜಿನಲ್ಲಿ ಸ್ಕಾರಸ್ ಇದೆ, 3.84 ಗ್ರಾಂ, ಒಂಟೆ ಪೂರ್ತಿ ಇದೆ, ಆದರೆ "ಅರೆಟಾಸ್" ಬರಹ ಬಿಲ್ಲೆಯಿಂದ ಹೊರಗೆ ಹೋಗಿದೆ. ಬಿಡಲಾ?

ಹಳೇ ಚಲಾವಣೆ

ತೂಕ ಸರಿಯಾಗಿದೆ, ಆಗ 3.9ರ ಆಸುಪಾಸು ಇರುತ್ತಿತ್ತು. ಆದರೆ ಬಿಡಿ. ಈ ನಾಣ್ಯದಲ್ಲಿ ರಾಜನ ಹೆಸರು ಇರಲೇಬೇಕು, ಇಲ್ಲದಿದ್ದರೆ ಬರೀ ಒಂಟೆ. ಅಪರೂಪದ್ದಲ್ಲ, ಮುಂದಿನ ಹರಾಜಿನಲ್ಲಿ ಇನ್ನೊಂದು ಬರುತ್ತೆ. ಮತ್ತೆ ಹರಾಜಿನವರ ಕಮಿಷನ್, ಕೊರಿಯರ್, ಕಸ್ಟಮ್ಸ್ ಎಲ್ಲಾ ಸೇರಿಸಿ ಬೆಲೆ ಲೆಕ್ಕ ಹಾಕಿ, ಆಮೇಲೆ ಬಿಡ್ ಮಾಡಿ.

ಸೀಗೆಕಾಯಿ

ಅರೇಬಿಯಾ ಸಿಕ್ಕಾಗ ಫೋಟೋ ಹಾಕಿ. ಚೀಟಿಯದೂ.